ಮೂರನೆಯ ಪುಟ ನನ್ನದಲ್ಲ

2007ರಲ್ಲಿ ನಾನು ದೆಹಲಿಯ ಕೇಂದ್ರ ಸರ್ಕಾರಿ ಕಚೇರಿಯೊಂದರಲ್ಲಿ ಸಿಸ್ಟಮ್ಸ್ ಆಫೀಸರ್ ಆಗಿದ್ದೆ. ಹೊಸ ಡೇಟಾ ಸೆಂಟರ್‌ಗೆ ಬ್ಲೇಡ್ ಸರ್ವರ್ ಕೊಳ್ಳಬೇಕಿತ್ತು. ಎರಡು ಕಂಪನಿಗಳ ಯಂತ್ರಗಳನ್ನು ಹೋಲಿಸಿ ವರದಿ ಬರೆಯುವ ಕೆಲಸ ನನ್ನದು. ಅದನ್ನು ಸಮಿತಿಯ ಮುಂದಿಡುವವರು ಮೇಲಧಿಕಾರಿ ರಂಗನಾಥ್ ಸರ್. ಮೈಸೂರಿನವರು. ಲೋಧಿ ಕಾಲೋನಿಯಲ್ಲಿ ನಮ್ಮ ಮೇಲಿನ ಮನೆಯಲ್ಲೇ ಇದ್ದರು. ನಾನು ಕಚೇರಿಯಿಂದ ಬರುವವರೆಗೆ ನನ್ನ ಮಗಳಿಗೆ ಊಟ ಹಾಕಿ, ಹೋಂವರ್ಕ್ ಮಾಡಿಸುತ್ತಿದ್ದವರು ಅವರ ಹೆಂಡತಿ ಶಾರದಕ್ಕ.

ಬ್ಲೇಡ್ ಎಂದರೆ ತೆಳುವಾದ ಸರ್ವರ್. ಕಪಾಟಿನಲ್ಲಿ ಪುಸ್ತಕ ಜೋಡಿಸಿದಂತೆ ಒಂದೇ ಪೆಟ್ಟಿಗೆಯಲ್ಲಿ ಹಲವನ್ನು ನಿಲ್ಲಿಸಬಹುದು. ಯಾವುದು ಬಿಸಿಯಾಗಿದೆ, ಯಾವುದು ನಿಂತಿದೆ ಎಂದು ದೂರದಲ್ಲಿ ಕುಳಿತವರಿಗೆ ತೋರಿಸುವುದು ಮ್ಯಾನೇಜ್‌ಮೆಂಟ್ ಮಾಡ್ಯೂಲ್ ಎಂಬ ಕಾರ್ಡ್. ಅದು ಕೆಟ್ಟರೆ ಪಕ್ಕದ ಜೋಡಿ ಕಾರ್ಡ್ ತಾನಾಗಿ ಕೆಲಸ ವಹಿಸಿಕೊಳ್ಳಬೇಕು.

ಓಖ್ಲಾ ಬಡಾವಣೆಯ ಪರೀಕ್ಷಾ ಕೊಠಡಿಯಲ್ಲಿ, ಸರ್ವರ್‌ಗಳು ಓಡುತ್ತಿರುವಾಗಲೇ ನಾನು ಆ ಕಾರ್ಡನ್ನು ಹೊರಗೆಳೆದೆ. ಮೊದಲ ಕಂಪನಿಯದರಲ್ಲಿ ಜೋಡಿ ಕಾರ್ಡ್ ಕೂಡಲೇ ಎಚ್ಚೆತ್ತಿತು. ಎರಡನೆಯದರಲ್ಲಿ ಪರದೆ ಖಾಲಿ. ಮೂರು ಸಲ ಮಾಡಿದರೂ ಅಷ್ಟೇ.

ನಾಲ್ಕು ಪುಟದ ವರದಿ ಬರೆದು, ಕೊನೆಯ ಪುಟಕ್ಕೆ ಸಹಿ ಹಾಕಿ ಕೊಟ್ಟೆ.

“ಅಚ್ಛಾ, ಇಂಗ್ಲಿಷ್ ಸ್ವಲ್ಪ ತಿದ್ದಿ ಕಳಿಸ್ತೀನಿ. ನೀನು ಮನೆಗೆ ಹೋಗಮ್ಮ,” ಅಂದರು ಸರ್.

ಸಮಿತಿಯ ಸಭೆಯಲ್ಲಿ ವರದಿಯ ಪ್ರತಿ ನನ್ನ ಕೈಗೆ ಬಂದಾಗ ಮೂರನೆಯ ಪುಟ ಬೇರೆಯೇ ಆಗಿತ್ತು. ಮ್ಯಾನೇಜ್‌ಮೆಂಟ್ ಸೌಲಭ್ಯಗಳಲ್ಲಿ ಎರಡೂ ಸಮಾನ ಎಂದಿತ್ತು. ಕೊನೆಯಲ್ಲಿ ನನ್ನದೇ ಸಹಿ. ಸರ್ ಕಡೆ ನೋಡಿದೆ. ಅವರು ಕನ್ನಡಕ ಒರೆಸುತ್ತಿದ್ದರು. ಸುಮ್ಮನಿದ್ದರೆ ಸುಳ್ಳು ನನ್ನದಾಗುತ್ತಿತ್ತು. ಬಾಯಿ ಬಿಟ್ಟರೆ ಶಾರದಕ್ಕನ ಮುಖ ನೋಡುವುದು ಹೇಗೆ?

“ಸಹಿ ನನ್ನದು ಸರ್,” ಎಂದು ಅಧ್ಯಕ್ಷರಿಗೆ ಹೇಳಿದೆ. “ಮೂರನೆಯ ಪುಟ ನನ್ನದಲ್ಲ.”

ಸಮಿತಿಯ ಎದುರೇ ಮರುಪರೀಕ್ಷೆ ನಡೆಯಿತು. ಪರದೆ ಮತ್ತೆ ಖಾಲಿಯಾಯಿತು. ಆ ಯಂತ್ರವನ್ನು ಕೈಬಿಟ್ಟರು. ರಂಗನಾಥ್ ಸರ್‌ಗೆ ಬೇರೆ ವಿಭಾಗಕ್ಕೆ ವರ್ಗವಾಯಿತು. ನಿವೃತ್ತಿಯ ನಂತರ ಅವರಿಗೆ ಆ ಎರಡನೆಯ ಕಂಪನಿಯಲ್ಲೇ ಕೆಲಸ ನಿಕ್ಕಿಯಾಗಿತ್ತೆಂದು ಆಮೇಲೆ ತಿಳಿಯಿತು.

ಮನೆಯ ಮೆಟ್ಟಿಲಲ್ಲಿ ಎದುರಾದಾಗ ತಡೆಯಲಾರದೆ ಕೇಳಿದೆ: “ನನಗೆ ಒಂದು ಮಾತು ಹೇಳಬಾರದಿತ್ತಾ ಸರ್?”

“ಹೇಳಿದ್ರೆ ನೀನು ಒಪ್ತಿರಲಿಲ್ಲವಲ್ಲಮ್ಮ.”

ನಾನು ಎಂಥವಳೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ನನ್ನ ಹೆಸರನ್ನು ಬಳಸಿಕೊಂಡಿದ್ದರು. ಮಗಳನ್ನು ಡೇ ಕೇರ್‌ಗೆ ಸೇರಿಸಿದೆ. “ಅಮ್ಮಾ, ಶಾರದಾ ಆಂಟಿ ನನ್ನ ಮೇಲೆ ಗುಸ್ಸಾ ಆಗಿದ್ದಾರಾ?” ಎಂದು ಅವಳು ಕೇಳಿದಾಗ, “ನಿನ್ನ ಮೇಲೆ ಸಿಟ್ಟಿಲ್ಲ ಕಂದ,” ಎಂದು ಅವಳ ಚೀಲ ಎತ್ತಿಕೊಂಡೆ.

ಆಮೇಲಿನ ಸೇವೆಯುದ್ದಕ್ಕೂ ಪ್ರತಿ ಪುಟಕ್ಕೂ ಸಹಿ ಹಾಕಿದೆ. ಕಿರಿಯರಿಗೂ ಅದನ್ನೇ ಕಲಿಸಿದೆ. ಹತ್ತಿರದವರ ಕೈಗೆ ಕೊಡುವಾಗ ಪುಟಗಳನ್ನು ಇನ್ನೊಮ್ಮೆ ಎಣಿಸುತ್ತಿದ್ದೆ. ಈ ಅಭ್ಯಾಸದಿಂದ ಕಚೇರಿಗೆ ಒಳ್ಳೆಯದಾಯಿತು. ನನಗೂ ಆಯಿತೆಂದು ಹೇಳಲಾರೆ.