ಇಳಿಜಾರಿನ ಬುಡದ ಅರವತ್ತು ಅಡಿ

ಬೆಳಗಿನ ಆರು ಗಂಟೆ. ಹುಣಸೂರು ರಸ್ತೆಯಲ್ಲಿ ಇಲವಾಲ ಇನ್ನೂ ಒಂದು ಮೈಲಿ ಇದೆ ಎನ್ನುವಾಗ ಬಲಗಡೆ ಒಂದು ಕಲ್ಲುಗುಡ್ಡ ಸಿಗುತ್ತದೆ. ಗುಡ್ಡದ ಮೇಲಿನ ಗಣಿಯಿಂದ ಹೆದ್ದಾರಿಗೆ ಹೊಸ ದಾರಿಯೊಂದು ಇಳಿದಿದೆ. ಇಳಿಜಾರು ಮುಗಿಯುವ ಕಡೆ ಚಿಕ್ಕಯ್ಯ ಮೇಸ್ತ್ರಿ ಕುಕ್ಕರಗಾಲಲ್ಲಿ ಕೂತು, ಚೊಂಬಿನ ನೀರನ್ನು ಸುರಿದು ಅದು ಹೋಗುವ ದಾರಿಯನ್ನೇ ನೋಡುತ್ತಾರೆ. ನೀರು ಸರಸರನೆ ಹರಿದು, ಕೆಳಗಿನ ಮಟ್ಟಸ ಜಾಗಕ್ಕೆ ಬಂದದ್ದೇ ತಡ, ನಿಧಾನವಾಗಿ ಪಕ್ಕದ ಚರಂಡಿಯ ಕಡೆ ತಿರುಗುತ್ತದೆ.

"ಓಡ್ಬಂದ ನೀರು ಇಲ್ಲಿ ನಿಂತು ಯೋಚ್ನೆ ಮಾಡ್ಬೇಕು. ಮುಂದಕ್ಕೇ ಓಯ್ತಾ ಇದ್ರೆ ನನ್ ಕೆಲ್ಸ ಕೆಟ್ಟೋಯ್ತು ಅಂತ್ಲೇ ಲೆಕ್ಕ."

ಇವತ್ತು ಈ ದಾರಿಯಲ್ಲಿ ಕಲ್ಲು ತುಂಬಿದ ಮೊದಲ ಲಾರಿ ಇಳಿಯಬೇಕು. ಹಾಗಾಗಿ ಮೇಸ್ತ್ರಿಗೆ ರಾತ್ರಿ ನಿದ್ದೆಯಿಲ್ಲ, ಬೆಳಿಗ್ಗೆ ಕಾಫಿಯೂ ಇಲ್ಲ.

ಐವತ್ತೆಂಟರ ಚಿಕ್ಕಯ್ಯನವರ ಹತ್ತಿರ ಇರುವ ಸಲಕರಣೆ ಮೂರೇ: ಒಂದು ರಸಮಟ್ಟ, ಒಂದು ಉಂಡೆ ದಾರ, ಗೂಟಗಳ ಒಂದು ಕಟ್ಟು. ನಕ್ಷೆ ಓದಲು ಬಾರದು. ಹದಿನೈದು ಅಡಿ ನಡೆದರೆ ಒಂದಡಿ ಇಳಿಯಬೇಕು ಎಂದು ಓವರ್ಸಿಯರ್ ಬಾಯಲ್ಲಿ ಹೇಳಿದರೆ ಸಾಕು, ಅಷ್ಟನ್ನೇ ಇಳಿಸುತ್ತಾರೆ. ದಿನಕ್ಕೆ ಇಪ್ಪತ್ತು ಸಲವಾದರೂ ಗುಡ್ಡ ಹತ್ತಿಳಿಯುತ್ತಾರೆ. ಮೈಸೂರಿನ ಸುತ್ತ ಗಣಿಗೆ, ಮರದ ಡಿಪೋಗೆ, ಇಟ್ಟಿಗೆ ಗೂಡಿಗೆ ಹೀಗೆ ಅವರು ಇಳಿಸಿಕೊಟ್ಟ ದಾರಿಗಳು ಹನ್ನೊಂದು. ಯಾದವಗಿರಿಯ ಬಂಗಲೆಗಳ ತಳಪಾಯಕ್ಕೆ ಹೋದ ಕಲ್ಲೆಲ್ಲ ಇಂಥ ದಾರಿಗಳಲ್ಲಿ ಇಳಿದದ್ದೇ. ಮನೆ ಕಟ್ಟಿಸಿದವರಿಗೆ ಅದು ಗೊತ್ತಿಲ್ಲ, ಗೊತ್ತಾಗಬೇಕೆಂದು ಇವರಿಗೂ ಇಲ್ಲ.

ಹನ್ನೊಂದರಲ್ಲಿ ಹತ್ತರ ಬುಡದಲ್ಲಿ, ಹೆದ್ದಾರಿ ಸೇರುವ ಮುಂಚೆ, ಅರವತ್ತು ಅಡಿ ಮಟ್ಟಸ ನೆಲವಿದೆ. ಇಲ್ಲದಿರುವುದು ಮೊದಲನೆಯದಕ್ಕೆ ಮಾತ್ರ.

ಅದು ಐವತ್ತೊಂದನೇ ಇಸವಿಯ ಮಾತು. ನಂಜನಗೂಡು ರಸ್ತೆಯ ಕಡೆ ಚಿಕ್ಕಯ್ಯನವರ ಅಪ್ಪ ಹಾಕಿದ್ದ ಹಳೇ ಗಾಡಿದಾರಿಯೊಂದಿತ್ತು. ಎತ್ತು ನಿಂತು ಉಸಿರು ತಗೊಳ್ಳಲಿ ಎಂದು ಅಪ್ಪ ಅದರಲ್ಲಿ ಮೂರು ಕಡೆ ಮಟ್ಟಸ ಜಾಗ ಬಿಟ್ಟಿದ್ದರು, ಕೊನೆಯದು ಬುಡದಲ್ಲೇ. ಗಾಡಿ ಹೋಗಿ ಲಾರಿ ಬಂತು. ದಾರಿಯನ್ನು ಸರಿಮಾಡುವ ಕೆಲಸ ಮಗನ ಪಾಲಿಗೆ ಬಂತು. ಲಾರಿಗೇನು ದಣಿವೇ ಎಂದುಕೊಂಡು ಚಿಕ್ಕಯ್ಯ ಮೂರೂ ಜಾಗಗಳನ್ನು ಅಳಿಸಿ, ತಲೆಯಿಂದ ಬುಡದವರೆಗೆ ಒಂದೇ ಇಳಿಜಾರು ಎಳೆದುಬಿಟ್ಟರು. ನೋಡಿದವರೆಲ್ಲ ಭೇಷ್ ಎಂದರು. ಗೋವಿಂದರಾಜು ಎಂಬ ಲಾರಿ ಡ್ರೈವರ್ ಒಬ್ಬ ಮಾತ್ರ, ಬುಡದಲ್ಲಿ ಒಂದು ಚೂರು ಮಟ್ಟಸ ಇರಲಿ ಚಿಕ್ಕಯ್ಯಣ್ಣ ಎಂದು ಕೇಳಿಕೊಂಡ.

"ನಿನ್ ಲಾರಿ ಏನು ಎತ್ತೇನ್ಲಾ, ದಣಿಯಕ್ಕೆ ಅಂದ್ಬುಟ್ಟೆ. ಎಲ್ರೂ ನಕ್ರು. ಅವ್ನೂ ನಕ್ಕ."

ಹದಿನೆಂಟು ದಿನ ಕಳೆದ ಮೇಲೆ ಗೋವಿಂದರಾಜುವಿನ ತುಂಬಿದ ಲಾರಿಗೆ ಅದೇ ಇಳಿಜಾರಿನಲ್ಲಿ ಬ್ರೇಕು ಹಿಡಿಯಲಿಲ್ಲ. ವೇಗ ತಗ್ಗಲು ಎಲ್ಲೂ ಜಾಗವಿರಲಿಲ್ಲ. ಲಾರಿ ಹೆದ್ದಾರಿಯನ್ನು ದಾಟಿ ಹುಣಿಸೇಮರಕ್ಕೆ ಹೊಡೆಯಿತು. ಗೋವಿಂದರಾಜು ಅಲ್ಲೇ ಹೋದ. ವಿಚಾರಣೆಯಲ್ಲಿ ಬ್ರೇಕಿನದೇ ತಪ್ಪು ಎಂದಾಯಿತು, ದಾರಿಯ ಮಾತು ಯಾರೂ ಎತ್ತಲಿಲ್ಲ. ಚಿಕ್ಕಯ್ಯನೂ ಎತ್ತಲಿಲ್ಲ. ಬೈದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದರು, ಯಾರೂ ಬೈಯಲಿಲ್ಲವಲ್ಲ, ಅದೇ ಅವರನ್ನು ಹತ್ತು ವರ್ಷ ತಿಂದಿತು.

ಗೋವಿಂದರಾಜುವಿನ ಹೆಂಡತಿ ನೀಲಮ್ಮ ಇಲವಾಲದವರು. ಈ ಹೊಸ ದಾರಿಗೆ ಜಲ್ಲಿ ಹೊರುವ ಹೆಂಗಸರ ಗುಂಪಿನಲ್ಲಿ ಅವರೂ ಇದ್ದರು. ಮೇಸ್ತ್ರಿ ಅವರ ಕಡೆ ತಲೆಯೆತ್ತಿ ನೋಡುತ್ತಿರಲಿಲ್ಲ.

ಹೋದ ತಿಂಗಳು ಕಂಟ್ರಾಕ್ಟರ್ ರುದ್ರಸ್ವಾಮಿ ಬಂದು ಅರವತ್ತು ಅಡಿ ಯಾತಕ್ಕೆ, ಹತ್ತು ಸಾಕು ಎಂದರು. ಅಷ್ಟುದ್ದ ಮಟ್ಟಸ ಬೇಕಾದರೆ ಮೇಲೆ ಇನ್ನೂ ಬಂಡೆ ಒಡೆಯಬೇಕು, ದಸರೆಯೊಳಗೆ ದಾರಿ ಬಿಡಲು ಆಗುವುದಿಲ್ಲ, ಒಪ್ಪದಿದ್ದರೆ ಬೇರೆ ಮೇಸ್ತ್ರಿಯನ್ನು ತರುತ್ತೇನೆ ಎಂದೂ ಹೇಳಿದರು. ಎರಡು ಲಾರಿ ನಿಲ್ಲುವಷ್ಟು ಬೇಕೇ ಬೇಕೆಂದು ಚಿಕ್ಕಯ್ಯ ಹಟ ಹಿಡಿದರು. ಬೇರೆ ಯಾವ ಮೇಸ್ತ್ರಿಗೂ ಇಲ್ಲದ ಹೆದರಿಕೆ ನಿಮಗೇನು ಎಂದು ರುದ್ರಸ್ವಾಮಿ ಗದರಿದರು. ಹೆಂಗಸರು ಬುಟ್ಟಿ ಇಳಿಸಿ ನೋಡುತ್ತಿದ್ದರು. ಕಾರಣ ಹೇಳದೆ ಬೇರೆ ದಾರಿಯಿರಲಿಲ್ಲ. ಹೇಳಿದರೆ ನೀಲಮ್ಮನ ಮುಂದೆಯೇ ಹೇಳಬೇಕು.

ಹೇಳಿಬಿಟ್ಟರು. ಗೋವಿಂದರಾಜು ಕೇಳಿದ್ದು, ತಾವು ನಕ್ಕಿದ್ದು, ಒಂದೂ ಬಿಡಲಿಲ್ಲ.

ನೀಲಮ್ಮ ಅಳಲಿಲ್ಲ. ಸೆರಗಿನಿಂದ ಮುಖದ ಧೂಳು ಒರೆಸಿಕೊಂಡರು.

"ನಂಗೊತ್ತಿತ್ತು ಕಣಣ್ಣ. ನೀವು ನಕ್ಬುಟ್ರಿ ಅಂತ ನಮ್ಮೆಜಮಾನ್ರು ಅವತ್ತೇ ಮನೇಲಿ ಹೇಳಿದ್ರು. ಯಾವತ್ತಾದ್ರೂ ಬಂದು ನೀವೇ ಹೇಳ್ತೀರಿ ಅಂತ ಹತ್ತು ವರ್ಷ ಕಾದೆ."

ಇಷ್ಟೇ ಹೇಳಿ ಅವರು ಜಲ್ಲಿ ಬುಟ್ಟಿಯನ್ನು ಹೊತ್ತು, ಅರವತ್ತನೇ ಅಡಿಯ ಗೂಟದ ಹತ್ತಿರ ಸುರಿದರು. ಮಿಕ್ಕ ಹೆಂಗಸರೂ ಅಲ್ಲೇ ಸುರಿದರು. ರುದ್ರಸ್ವಾಮಿ ಆಗಲಿ ಮಾಡಿ ಎಂದು ಜೀಪು ಹತ್ತಿದರು.

ನೀಲಮ್ಮ ಕ್ಷಮಿಸಿದ್ದಾರೆಯೇ ಎಂದು ಕೇಳಿದರೆ ಚಿಕ್ಕಯ್ಯ ಗೊತ್ತಿಲ್ಲವೆಂದು ತಲೆಯಾಡಿಸುತ್ತಾರೆ. ಅದನ್ನು ಕೇಳುವ ಮುಖ ತಮಗಿಲ್ಲ ಎನ್ನುತ್ತಾರೆ. "ನಮ್ಮಪ್ಪ ಎತ್ತಿಗೆ ತೋರಿಸ್ದ ಕನಿಕರವ ನಾನು ಮನ್ಸಂಗೆ ತೋರಿಸ್ನಿಲ್ಲ."

ಏಳೂವರೆಗೆ ಗುಡ್ಡದ ಮೇಲೆ ಲಾರಿಯ ಸದ್ದು. ಕಲ್ಲು ತುಂಬಿಕೊಂಡು, ಗೇರಿನಲ್ಲೇ ನರಳುತ್ತಾ ಇಳಿಯುತ್ತದೆ. ಮೇಸ್ತ್ರಿಯ ಕೈ ದಾರದ ಉಂಡೆಯನ್ನು ಹಿಸುಕುತ್ತಿದೆ. ಮಟ್ಟಸಕ್ಕೆ ಬಂದ ಲಾರಿ ವೇಗ ಕಳೆದುಕೊಂಡು, ಹೆದ್ದಾರಿಗೆ ಇನ್ನೂ ಇಪ್ಪತ್ತಡಿ ಇರುವಾಗಲೇ ನಿಲ್ಲುತ್ತದೆ. ಡ್ರೈವರು ಎಡಕ್ಕೆ ನೋಡುತ್ತಾನೆ, ಬಲಕ್ಕೆ ನೋಡುತ್ತಾನೆ. ಯಾವ ಅವಸರವೂ ಇಲ್ಲದೆ ಒಂದು ಬೀಡಿ ಹಚ್ಚಿಕೊಂಡು ಮೈಸೂರಿನ ಕಡೆ ತಿರುಗಿಸುತ್ತಾನೆ.

ಚಿಕ್ಕಯ್ಯ ಆ ಹೊಗೆಯನ್ನೇ ನೋಡುತ್ತಾ ನಿಲ್ಲುತ್ತಾರೆ.

"ಗೋವಿಂದರಾಜೂ ಅವತ್ತು ಇಂಗೇ ಒಂದು ಬೀಡಿ ಹಚ್ಕೊಂಡು ಮನೆಗೋಗ್ಬೇಕಿತ್ತು ಕಣ್ರೀ."