ಫೈರ್‌ವಾಲ್ ತೆಗೆದವನು ನಾನೇ

ಟೆರೇಸಿನ ಕ್ಯಾಮೆರಾ ತಾನಾಗಿಯೇ ತಿರುಗುತ್ತಿದೆ ಎಂದು ಮೊದಲು ಹೇಳಿದವಳು ನನ್ನ ತಂಗಿ. ಒಣಹಾಕಿದ ಕಾಳುಮೆಣಸಿನ ಕಡೆ ಮುಖ ಮಾಡಿರಬೇಕಾದ ಕ್ಯಾಮೆರಾ ಬೆಳಿಗ್ಗೆ ನೋಡಿದರೆ ಅವಳ ಕೋಣೆಯ ಕಿಟಕಿಯ ಕಡೆಗಿತ್ತು. ಗಾಳಿಗೆ ತಿರುಗಿರಬೇಕು ಎಂದೆ. ಮಾರನೆಯ ದಿನ ಎಲೆ ಅಲುಗುವಷ್ಟೂ ಗಾಳಿ ಇರಲಿಲ್ಲ. ಕ್ಯಾಮೆರಾ ಮತ್ತೆ ಕಿಟಕಿಯನ್ನೇ ನೋಡುತ್ತಿತ್ತು.

ನಾನು ಓದಿದ್ದು ಏಳನೆಯ ತರಗತಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ನಡುವೆ ಸಾಮಾನಿನ ಆಟೋ ಓಡಿಸುತ್ತೇನೆ. ತಂಗಿ ಕಾಲೇಜು ಓದಿದವಳು. ಕೊಪ್ಪದ ಹೊರಗಿರುವ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಮದುವೆ, ಉಪನಯನದ ಆಮಂತ್ರಣದ ಕಾಗದಗಳನ್ನು ಮಾಡಿಕೊಡುತ್ತಾಳೆ. ಮನೆಗೆ ಇಂಟರ್ನೆಟ್ ಬಂದ ವಾರವೇ ಅವಳು ಏನೇನೋ ಓದಿ, ವೈಫೈ ಪೆಟ್ಟಿಗೆಗೆ ಫೈರ್‌ವಾಲ್ ಹಾಕಿದಳು. ನನಗೆ ಅರ್ಥವಾಗಲೆಂದು, "ನಮ್ಮ ದಣಪೆ ಇದ್ದಂಗೆ ಅಣ್ಣ. ನಾವು ಕರೆದದ್ದು ಮಾತ್ರ ಒಳಗೆ ಬರ್ತದೆ. ಕರೀದೆ ಬಂದದ್ದು ಆಚೆನೇ ನಿಲ್ತದೆ" ಎಂದಳು.

ದಣಪೆ ನನಗೆ ಗೊತ್ತು. ಎರಡು ಕಲ್ಲುಕಂಬಗಳ ತೂತಿಗೆ ಅಡ್ಡಕ್ಕೆ ಬಿದಿರಿನ ಗಳ ತೂರಿಸಿ ದನ ಬಾರದಂತೆ ಮಾಡುವ ಬೇಲಿಬಾಗಿಲು. ಗಳ ತೆಗೆದವನೇ ಮತ್ತೆ ಹಾಕಬೇಕು. ನಾನು ಒಮ್ಮೆ ಮರೆತು, ಊರಿನ ದನವೆಲ್ಲ ನುಗ್ಗಿ, ಅಪ್ಪ ಅದೇ ಗಳ ಹಿಡಿದು ನನ್ನನ್ನು ಅಟ್ಟಿಸಿಕೊಂಡು ಬಂದದ್ದುಂಟು.

ಮೆಣಸು ಕದಿಯುವವರ ಸುದ್ದಿ ಆ ವರ್ಷ ಎಲ್ಲ ಕಡೆ ಇತ್ತು. ನನಗೆ ದಾರಿಯಲ್ಲಿ ಹೋಗುವವರೆಲ್ಲ ಕಳ್ಳರಂತೆ ಕಾಣತೊಡಗಿದರು. ಶಿವಮೊಗ್ಗದಿಂದ, ಮೊಬೈಲಿನಿಂದಲೇ ತಿರುಗಿಸಬಹುದಾದ ಅಗ್ಗದ ಕ್ಯಾಮೆರಾ ತಂದು ಟೆರೇಸಿನ ಮೂಲೆಗೆ ಹಾಕಿಸಿದೆ. ಮನೆಯಲ್ಲಿದ್ದಾಗ ಮೊಬೈಲಿನಲ್ಲಿ ಕಾಣುತ್ತಿತ್ತು, ಹೊರಗೆ ಹೋದರೆ ಇಲ್ಲ. ಕ್ಯಾಮೆರಾ ಮಾರಿದವನಿಗೆ ಫೋನ್ ಮಾಡಿದೆ. "ನಿಮ್ಮ ಫೈರ್‌ವಾಲ್ ತಡೀತಾ ಇದೆ, ಅದನ್ನ ಆಫ್ ಮಾಡಿ" ಎಂದ. ತಂಗಿ ಕಾಗದ ಕೊಡಲು ಶೃಂಗೇರಿಗೆ ಹೋಗಿದ್ದಳು. ಅವಳ ಕ್ಯಾಲೆಂಡರಿನ ಹಿಂದೆ ಬರೆದಿದ್ದ ವೈಫೈ ಪೆಟ್ಟಿಗೆಯ ಪಾಸ್‌ವರ್ಡ್ ಹುಡುಕಿ, ಅವನು ಹೇಳಿದಲ್ಲೆಲ್ಲ ಒತ್ತಿದೆ. ಹಸಿರಿದ್ದ ಗುಂಡಿ ಕೆಂಪಾಯಿತು. ಕ್ಯಾಮೆರಾದ ಪಾಸ್‌ವರ್ಡನ್ನೂ ಬದಲಿಸಬೇಕೆಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಬಾಳೆಹೊನ್ನೂರು ದಾಟಿದರೂ ನನ್ನ ಮೆಣಸು ನನಗೆ ಕಾಣುತ್ತಿತ್ತು. ಆ ಖುಷಿಯಲ್ಲಿ ತಂಗಿಗೆ ಹೇಳುವುದನ್ನು ಮುಂದೂಡಿದೆ.

ಕ್ಯಾಮೆರಾ ಮೂರನೆಯ ಸಲ ತಿರುಗಿದಾಗ ಅವಳು ಕಿಟಕಿಗೆ ಹಳೆಯ ಸೀರೆ ಕಟ್ಟಿದಳು. ನನ್ನನ್ನು ನೇರವಾಗಿ ಕೇಳಿದಳು: "ನೀನು ಏನಾದ್ರೂ ಮುಟ್ಟಿದ್ಯಾ?"

"ನಂಗೆಂತ ಗೊತ್ತಾಗ್ತದೆ ಅದೆಲ್ಲ?" ಎಂದೆ.

ನಾನು ಅಷ್ಟಕ್ಕೆ ಬಿಡಲಿಲ್ಲ. "ನಮ್ಮ ವೈಫೈ ಇನ್ಯಾರ ಹತ್ರ ಇದೆ, ಯೋಚನೆ ಮಾಡು" ಎಂದೆ.

ಇದ್ದದ್ದು ಪಕ್ಕದ ಮನೆಯವರ ಹತ್ತಿರ ಮಾತ್ರ. ನೆಂಟಸ್ತಿಕೆ ಇಲ್ಲದಿದ್ದರೂ ನಾವು ಅವರನ್ನು ಭಾವ ಎಂದೇ ಕರೆಯುವುದು. ಸಂಜೆ ಪ್ರವಚನ ಕೇಳಲು ತಂಗಿಯೇ ಅವರ ಮೊಬೈಲಿಗೆ ವೈಫೈ ಹಾಕಿಕೊಟ್ಟಿದ್ದಳು. ನಮ್ಮ ಟೆರೇಸಿಗೂ ಅವರ ಟೆರೇಸಿಗೂ ನಡುವೆ ಸೊಂಟದೆತ್ತರದ ಗೋಡೆ. ಮೋಡ ಕಂಡರೆ ಗೋಡೆ ದಾಟಿ ಬಂದು ನಮ್ಮ ಮೆಣಸು ಮುಚ್ಚುವವರು ಅವರೇ. ಆ ದಾಟಿ ಬರುವುದೇ ನನಗೆ ಈಗ ಬೇರೆ ಥರ ಕಂಡಿತು. ಯಾಕೆ ಇಷ್ಟು ಹೊತ್ತು ಮೇಲೆ ಕೂರುತ್ತಾರೆ? ಮೊಬೈಲನ್ನು ಯಾಕೆ ಅಂಗೈಯಲ್ಲಿ ಮುಚ್ಚಿ ಹಿಡಿಯುತ್ತಾರೆ? ಕೆಂಪು ಗುಂಡಿ ನೆನಪಾದಾಗಲೆಲ್ಲ ಅವರ ಮೇಲಿನ ಅನುಮಾನವನ್ನು ಇನ್ನಷ್ಟು ಗಟ್ಟಿ ಮಾಡಿಕೊಂಡೆ.

ತಂಗಿ ನನ್ನ ಮಾತು ನಂಬಿ, ಫೈರ್‌ವಾಲಿನ ಪುಟ ತೆರೆದು ನೋಡದೆ, ವೈಫೈ ಪಾಸ್‌ವರ್ಡ್ ಮಾತ್ರ ಬದಲಿಸಿ ಕ್ಯಾಮೆರಾಗೂ ಅದನ್ನೇ ಹಾಕಿದಳು. ಸಂಜೆ ಭಾವ ಗೋಡೆಯಾಚೆಯಿಂದ ಕೇಳಿದರು: "ಎಂತ ಮಾರಾಯ, ನಿಮ್ಮನೆ ಇಂಟರ್ನೆಟ್ಟಿಗೂ ಸೂತಕವಾ?"

"ಕ್ಯಾಮೆರಾ ಯಾರೋ ತಿರುಗಿಸ್ತಾ ಇದಾರೆ ಭಾವ. ಯಾರು ಅಂತ ಗೊತ್ತಾಗೋ ತನಕ ಯಾರಿಗೂ ಕೊಡೋದಿಲ್ಲ" ಎಂದೆ.

ಅವರ ನಗು ನಿಂತಿತು. ತಂಗಿಯ ಕಿಟಕಿಗೆ ಕಟ್ಟಿದ್ದ ಸೀರೆ ನೋಡಿದರು, ನನ್ನನ್ನು ನೋಡಿದರು, ಒಳಗೆ ಹೋದರು. ಆಮೇಲೆ ಗೋಡೆ ದಾಟಲಿಲ್ಲ.

ಹದಿನೈದು ದಿನ ಕಳೆದಿರಬೇಕು. ನರಸಿಂಹರಾಜಪುರದ ಬಸ್‌ಸ್ಟ್ಯಾಂಡ್ ಹತ್ತಿರ ಸಿಮೆಂಟು ಇಳಿಸಿ ಮೊಬೈಲ್ ತೆರೆದೆ. ಕೊಪ್ಪದಲ್ಲಿ ಅಕಾಲ ಮಳೆ. ತಂಗಿ ಕಾಗದ ಅಚ್ಚು ಹಾಕಿಸಲು ಪ್ರೆಸ್ಸಿಗೆ ಹೋಗಿದ್ದಳು. ನನ್ನ ಮೆಣಸು ನೀರಿನಲ್ಲಿ ತೇಲುತ್ತಿತ್ತು. ಗೋಡೆಯಾಚೆ ಭಾವ ತಮ್ಮ ಮಾಡಿನ ಕೆಳಗೆ ಕುಳಿತು, ಒಂದು ಕೈಯಲ್ಲಿ ಅಡಕತ್ತರಿ, ಇನ್ನೊಂದರಲ್ಲಿ ಅಡಿಕೆ ಹಿಡಿದು ಮೆಣಸನ್ನೇ ನೋಡುತ್ತಿದ್ದರು. ಎರಡು ಸಲ ಏಳಲು ಹೋಗಿ ಕುಳಿತರು.

ಅಷ್ಟರಲ್ಲಿ ಚಿತ್ರ ಅಲುಗಿತು. ಕ್ಯಾಮೆರಾ ನಿಧಾನವಾಗಿ ತಿರುಗಿ ಮೆಣಸನ್ನು ಬಿಟ್ಟಿತು, ಭಾವನನ್ನು ಬಿಟ್ಟಿತು, ಸೀರೆ ಕಟ್ಟಿದ ಕಿಟಕಿಯ ಮುಂದೆ ನಿಂತಿತು. ಬೆರಳಿಟ್ಟು ಜರುಗಿಸಿದಂತೆ ಸೀರೆಯ ಅಂಚಿನ ಸಂದಿಗೆ ಹತ್ತಿರ ಹತ್ತಿರ ಹೋಯಿತು. ನಾನು ಏನನ್ನೂ ಮುಟ್ಟಿರಲಿಲ್ಲ. ಭಾವನ ಎರಡು ಕೈಗಳನ್ನೂ ಆಗತಾನೇ ಕಂಡಿದ್ದೆ, ಯಾವುದರಲ್ಲೂ ಮೊಬೈಲ್ ಇರಲಿಲ್ಲ. ಎಲ್ಲಿಯವನೋ, ಯಾರೋ, ನಾನು ತೆರೆದಿಟ್ಟ ದಾರಿಯಲ್ಲಿ ನನ್ನ ಜೊತೆಗೇ ನಿಂತು ನೋಡುತ್ತಿದ್ದ.

ಮನೆಗೆ ಬಂದು ತಂಗಿಗೆ ಎಲ್ಲ ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ. ಅವಳು ಕ್ಯಾಮೆರಾದ ವಯರು ಕಿತ್ತಳು. ಕಂಪ್ಯೂಟರಿನ ಮುಂದೆ ಕುಳಿತು ಗುಂಡಿಯನ್ನು ಹಸಿರು ಮಾಡಿ, ಪೆಟ್ಟಿಗೆಯ ಪಾಸ್‌ವರ್ಡೂ ಬದಲಿಸಿದಳು. ಆಮೇಲೆ ಕೇಳಿದ್ದು ಒಂದೇ ಮಾತು: "ನಾನು ಕೇಳಿದಾಗ ಯಾಕೆ ಹೇಳ್ಲಿಲ್ಲ?"

ಓದಿದ ತಂಗಿಯ ಮುಂದೆ ದಡ್ಡನಾಗಲು ನಾಚಿಕೆಯಾಯಿತು ಎಂದು ಇಲ್ಲಿ ಬರೆಯಬಲ್ಲೆ. ಅವತ್ತು ಬಾಯಿಗೆ ಬರಲಿಲ್ಲ.

"ಭಾವನ ಹತ್ರ ನೀನೇ ಹೋಗು" ಎಂದು ವೈಫೈನ ಹೊಸ ಪಾಸ್‌ವರ್ಡ್ ಬರೆದ ಚೀಟಿ ಕೊಟ್ಟಳು.

ಹೋದೆ. ನಿಂತುಕೊಂಡೇ ಹೇಳಿದೆ. ಅವರು ಪೂರ್ತಿ ಕೇಳಿ, ಚೀಟಿಯನ್ನು ನನ್ನ ಕಡೆಗೇ ಸರಿಸಿದರು. "ಬೇಡ ಮಾರಾಯ. ನಾಳೆ ಇನ್ನೆಂತದೋ ತಿರುಗಿದ್ರೆ ಮತ್ತೆ ನನ್ನ ಮೇಲೇ ಬರ್ತದೆ. ಆ ಕೂಸು ಹುಟ್ಟಿದಾಗಿಂದ ನೋಡ್ತಾ ಇದೀನಿ ನಾನು. ಅವಳ ಮುಂದೆ ನನ್ನನ್ನ ಅಂಥವನು ಮಾಡಿದ್ಯಲ್ಲ."

ಈಗ ಮೋಡ ಕಂಡರೆ ಅವರು ಗೋಡೆ ದಾಟುವುದಿಲ್ಲ. ಆಚೆಯಿಂದಲೇ ತಂಗಿಯನ್ನು ಕೂಗುತ್ತಾರೆ, ಅವಳು ಓಡಿಹೋಗಿ ಮುಚ್ಚುತ್ತಾಳೆ. ನನ್ನನ್ನು ಕೂಗುವುದಿಲ್ಲ. ಕ್ಯಾಮೆರಾ ಅಟ್ಟ ಸೇರಿ ಎಷ್ಟೋ ದಿನವಾಯಿತು, ಕಿಟಕಿಯ ಸೀರೆಯನ್ನು ತಂಗಿ ಇನ್ನೂ ಬಿಚ್ಚಿಲ್ಲ. ಕ್ಯಾಲೆಂಡರಿನ ಹಿಂದೆ ಈಗ ಏನೂ ಬರೆದಿಲ್ಲ. ಪೆಟ್ಟಿಗೆಯ ಹೊಸ ಪಾಸ್‌ವರ್ಡ್ ಎಲ್ಲಿದೆ ಎಂದು ನಾನು ಕೇಳಿಲ್ಲ.