ತುಂಗವ್ವ ಕೂಡಿಸದ ಚೌಕಗಳು

ತುಂಗವ್ವನ ನಾಲಿಗೆ ದಿನಕ್ಕೊಂದು ಬಣ್ಣದ್ದಾಗಿರುತ್ತಿತ್ತು. ಇವತ್ತು ನೀಲಿ, ನಾಳೆ ಗಿಣಿಹಸಿರು. ನೂಲಿನ ಬಣ್ಣ ಗಟ್ಟಿಯೋ ಅಲ್ಲವೋ ಎಂದು ತಿಳಿಯಲು ಅವಳು ಎಳೆಯ ತುದಿಯನ್ನು ಬಾಯಲ್ಲಿಟ್ಟುಕೊಂಡೇ ಕೆಲಸ ಮಾಡುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಎದುರಿಗೆ ಯಾರಿದ್ದರೂ ಸರಿ, ನಾಲಿಗೆ ಚಾಚಿ "ಹತ್ತೈತೇನು?" ಎಂದು ಕೇಳುವಳು. ಹತ್ತಿದ್ದರೆ ಆ ನೂಲು ಬುಟ್ಟಿಯಿಂದ ಹೊರಗೆ. ನಾನು ಬೆಟಗೇರಿಯ ಹೆಣ್ಣುಮಕ್ಕಳ ಶಾಲೆಗೆ ಶಿಕ್ಷಕಿಯಾಗಿ ಬಂದು ಅವಳ ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದ ದಿನ, ಟ್ರಂಕು ಇಳಿಸುತ್ತಿದ್ದಾಗಲೇ ನನಗೂ ನಾಲಿಗೆ ತೋರಿಸಿದಳು.

ತರಬೇತಿ ಶಾಲೆಯ ವಸತಿಗೃಹದಲ್ಲಿ ಗಂಟೆಯ ಸದ್ದಿಗೆ ಏಳಲು, ಉಣ್ಣಲು, ಮಲಗಲು ಕಲಿತವಳು ನಾನು. ಈಗಲೂ ಹಾಗೆಯೇ ಇದ್ದೇನೆ. ತುಂಗವ್ವನಿಗೆ ಅದೊಂದು ತಮಾಷೆ. "ಅಕ್ಕೋರ, ನಿಮ್ಮ ಹೊಟ್ಟ್ಯಾಗ ಗಡಿಯಾರ ಇಟ್ಟಾರೇನ್ರಿ? ಚಾವಿ ಯಾರು ಕೊಡ್ತಾರ?" ಎನ್ನುವಳು. ಗಂಡ ತೀರಿಕೊಂಡ ಮೇಲೆ ಅವಳ ಮನೆಯ ಮಗ್ಗ ನಿಂತಿತ್ತು. ಓಣಿಯ ನೇಕಾರರ ಲಾಳಿಗೆ ನೂಲಿನ ಕಂಡಿಕೆ ಸುತ್ತಿಕೊಟ್ಟು ಬದುಕುತ್ತಿದ್ದಳು. ಇದ್ದವಳು ಒಬ್ಬಳೇ ಮಗಳು, ಗಿರಿಜಾ. ಅವಳನ್ನು ಮುಂಡರಗಿಯಿಂದ ಆಚೆ, ಗಡಿ ದಾಟಿದ ಮೇಲಿನ ಒಂದು ಹಳ್ಳಿಗೆ ಕೊಟ್ಟಿದ್ದಳು. ಅದು ನಿಜಾಮನ ಸೀಮೆ. ನಮ್ಮ ಕಡೆಯವರು ಅದನ್ನು ಮೊಗಲಾಯಿ ಎನ್ನುತ್ತಿದ್ದರು.

ನನ್ನ ಮಂಚದ ಮೇಲೆ ಒಂದು ಹೊದಿಕೆ ಇತ್ತು. ತರಬೇತಿಯಲ್ಲಿದ್ದಾಗ ಕ್ರೋಶಾ ಸೂಜಿಯಿಂದ ಬಣ್ಣಬಣ್ಣದ ಉಣ್ಣೆಯ ಚೌಕಗಳನ್ನು ಹಾಕಿ, ಅವನ್ನು ಒಂದಕ್ಕೊಂದು ಕೂಡಿಸಿ ಮಾಡಿದ್ದು. ತುಂಗವ್ವ ಅದನ್ನು ಬಿಸಿಲಿಗೆ ಎತ್ತಿ ಹಿಡಿದು, "ಬರೇ ಕಿಂಡಿನ ಅದಾವಲ್ರಿ. ಚಳಿ ಒಳಗ ಬಂದು ಹೊರಗ ಹೋಗಾಕ ದಾರಿ ಮಾಡೀರೇನು?" ಎಂದು ನಕ್ಕಿದ್ದಳು. ಆದರೆ ಗಿರಿಜಾ ಬಸುರಿ ಎಂಬ ಸುದ್ದಿ ಬಂದ ದಿನ ನಾನು ಶಾಲೆಯಿಂದ ಬರುವ ಹೊತ್ತಿಗೆ ಅದೇ ಹೊದಿಕೆಯನ್ನು ತೊಡೆಯ ಮೇಲೆ ಹರಡಿಕೊಂಡು ಕುಳಿತಿದ್ದಳು.

"ಇದನ್ನ ಹಾಕೂದು ನಂಗೂ ಕಲಸ್ರಿ ಅಕ್ಕೋರ. ಕೂಸಿಗೆ."

ಯಾವ ಕೆಲಸವನ್ನೂ ಯೋಜನೆ ಇಲ್ಲದೆ ಶುರುಮಾಡಿದವಳಲ್ಲ ನಾನು. ಪಾಟಿಯ ಮೇಲೆ ಅಡ್ಡ, ಉದ್ದ ಗೆರೆ ಎಳೆದು, ನಡುವಿಗೆ ಯಾವ ಬಣ್ಣ, ಅಂಚಿಗೆ ಯಾವುದು ಎಂದು ಬರೆದು ತೋರಿಸಿದೆ. ಅವಳು ಪಾಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಹೊದಿಕಿಯೋ, ಮುನಸಿಪಾಲ್ಟಿ ನಕಾಶಿಯೋ?" ಎಂದಳು. ಆಗ ಉಣ್ಣೆ ಸಿಗುವುದು ಕಷ್ಟವಾಗಿತ್ತು. ಸೀರೆ ಇಳಿಸಿದ ಮೇಲೆ ಮಗ್ಗದಲ್ಲಿ ಉಳಿಯುವ ತುಂಡು ನೂಲನ್ನು ಓಣಿಯವರಿಂದ ಕೇಳಿ ತಂದು, ಹಲವು ಎಳೆ ಸೇರಿಸಿ ಹುರಿಮಾಡಿ ದಪ್ಪ ದಾರ ಮಾಡಿಕೊಂಡಳು. ಕೂಸು ಬಾಯಿಗೆ ಹಾಕಿಕೊಳ್ಳುತ್ತದೆ ಎಂದು ಪ್ರತಿ ಬಣ್ಣಕ್ಕೂ ನಾಲಿಗೆಯ ಪರೀಕ್ಷೆ ನಡೆಯಿತು. ಅಂಚು ಕಪ್ಪಾದರೆ ಚೌಕಗಳು ಎದ್ದು ಕಾಣುತ್ತವೆ ಎಂದೆ ನಾನು. ಅವಳು ಒಪ್ಪಲಿಲ್ಲ.

"ಕೂಸಿಗೆ ಕರೇದು ಗಲ್ಲದ ಮ್ಯಾಲ ಒಂದ ಬೊಟ್ಟು ಸಾಕು. ನಡುವ ಅರಿಶಿಣ ಬಣ್ಣ ಇರಲಿ, ಅಂಚು ಕೆಂಪು. ಕಣ್ಣು ಬಿಟ್ಟಾಗ ಬೆಳಕು ಕಾಣಲಿ."

ಮೊದಲ ಚೌಕ ಚೌಕವಾಗಲೇ ಇಲ್ಲ. ಅವಳ ಕೈ ಬಿಗಿ. ಅದು ಬಟ್ಟಲಿನಂತೆ ಮುದುಡಿಕೊಂಡಿತು. ಅದನ್ನು ತಲೆಯ ಮೇಲೆ ಇಟ್ಟುಕೊಂಡು, "ಹೊದಿಕಿ ಬಿಟ್ಟು ಟೊಪಿಗಿ ಹುಟ್ಟಿತ್ರಿ" ಎಂದಳು. ಮೂಲೆಗೆ ಬಂದಾಗ ಒಂದೇ ಕಿಂಡಿಯಲ್ಲಿ ಎರಡು ಸಲ ಹಾಕಬೇಕು ಎಂಬುದು ಕೈಗೆ ಹತ್ತಿದ ಮೇಲೆ ಅವಳ ಸಂತೋಷ ಹೇಳತೀರದು. "ದುಂಡಗ ಹುಟ್ಟಿ ಚೌಕ ಆಗತೈತಿ ನೋಡ್ರಿ. ನಮ್ಮ ಹೆಣ್ಣಮಕ್ಕಳೂ ಹಂಗ. ಮದಿವ್ಯಾದ ಮ್ಯಾಲ ಮೂಲಿ ಬರ್ತಾವು."

ನಮ್ಮಲ್ಲಿ ಹುಟ್ಟುವ ಮೊದಲು ಕೂಸಿಗೆಂದು ಹೊಸದೇನನ್ನೂ ಮಾಡುವುದಿಲ್ಲ. ಹುಟ್ಟಿದ ಮೇಲೂ ಮೊದಲು ಹೊದಿಸುವುದು ತೊಳೆದ ಹಳೆಯ ಸೀರೆಯನ್ನೇ. ಎದುರುಮನೆಯ ಕಲ್ಲವ್ವ ಬಂದು ಬುಟ್ಟಿಯಲ್ಲಿ ಇಣುಕಿದವಳೇ ಶುರುಮಾಡಿದಳು.

"ಏನಬೇ, ಹುಟ್ಟಲಾರದ ಕೂಸಿಗೆ ಹೊಸಾ ಹೊದಿಕಿ? ಬುದ್ಧಿ ಐತಿಲ್ಲೋ ನಿನಗ?"

"ಹೊದಿಕಿ ಎಲ್ಲೈತಿ ಇಲ್ಲಿ? ಚೂರು ಅದಾವು. ಕೂಡಿಸಿದರ ಹೊದಿಕಿ. ಕೂಸಿನ ಮಾರಿ ನೋಡೂತನ ನಾ ಕೂಡಸಂಗಿಲ್ಲ."

"ದೇವರಿಗೆ ಮೋಸ ಮಾಡ್ತಿ?"

"ಮೋಸ ಎದರದು? ಆತನ ಎದುರಿಗೇ ಕುಂತು ಹಾಕಾಕತ್ತೇನಿ. ನೋಡಿ ನಗಲಿ ಬಿಡು."

ಆ ಆಗಸ್ಟಿನಲ್ಲಿ ಸ್ವಾತಂತ್ರ್ಯ ಬಂತು. ಶಾಲೆಯಲ್ಲಿ ಧ್ವಜ ಏರಿಸಿ, ಮಕ್ಕಳಿಗೆ ಪೆಪ್ಪರ್ಮಿಂಟು ಹಂಚಿ ಬಂದೆ. ಅವಳಿಗೂ ಒಂದು ಕೊಟ್ಟೆ. ಅದನ್ನು ಬಾಯಿಗೆ ಹಾಕಿಕೊಳ್ಳದೆ ಕೇಳಿದಳು, "ನಮ್ಮ ಗಿರಿಜಾನ ಊರಿಗೂ ಬಂತೇನ್ರಿ?" ಇನ್ನೂ ಇಲ್ಲ ಎಂದೆ. "ಅದ್ಹೆಂಗ್ರಿ ಅಕ್ಕೋರ? ನಡುವ ಒಂದು ಹಳ್ಳ ಐತಿ ಅಷ್ಟ. ಬ್ಯಾಸಿಗ್ಯಾಗ ಕಾಲ ಸೈತ ತೊಯ್ಯಂಗಿಲ್ಲ."

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಏಳನೆಯ ತಿಂಗಳಲ್ಲಿ ಕುಬಸದ ಶಾಸ್ತ್ರ ಮಾಡಿ ಕರೆದುಕೊಂಡು ಬರುವುದೆಂದು ಮಾತಾಗಿತ್ತು. ಅಷ್ಟರಲ್ಲಿ ಗಡಿಯಾಚೆ ಗದ್ದಲ ಎದ್ದಿತು. ನಿಜಾಮನ ಕಡೆಯ ಗುಂಪುಗಳು ಊರುಗಳ ಮೇಲೆ ಬೀಳುತ್ತಿವೆ, ಬೆಂಕಿ ಇಡುತ್ತಿವೆ ಎಂಬ ಸುದ್ದಿ. ತುಂಗವ್ವ ಹಸಿರು ಬಳೆ, ಕುಬಸದ ಹೊಸ ರವಿಕೆ ಗಂಟು ಕಟ್ಟಿಕೊಂಡು ಮುಂಡರಗಿಯವರೆಗೆ ಹೋದಳು. ಮುಂದಕ್ಕೆ ಯಾವ ಗಾಡಿಯವನೂ ಬರಲೊಪ್ಪಲಿಲ್ಲ. ಗಂಟನ್ನು ಹಾಗೆಯೇ ಹೊತ್ತು ತಿರುಗಿ ಬಂದಳು.

ಆಮೇಲೆ ಅವಳ ಸೂಜಿ ನಿಲ್ಲಲಿಲ್ಲ. ಪಾಟಿಯಲ್ಲಿ ಬರೆದಷ್ಟು ಚೌಕಗಳು ಎಂದೋ ಮುಗಿದಿದ್ದವು. "ಇಷ್ಟು ಕೂಡಿಸಿದರೆ ಹೊದಿಕೆ ದೊಡ್ಡವರಿಗಾಗುತ್ತದೆ" ಎಂದು ನಾನು ಗದರಿದರೆ, "ಕೂಸು ಬೆಳೀತೈತಿ ಅಲ್ರಿ" ಎಂದಳು. ತಲೆ ಎತ್ತಲಿಲ್ಲ.

ಚಳಿ ಬಿದ್ದಾಗ ಸುದ್ದಿ ಬಂತು. ಆ ಕಡೆಯಿಂದ ಓಡಿ ಬಂದವರು ಮುಂಡರಗಿಯಲ್ಲಿ ಬೀಡುಬಿಟ್ಟಿದ್ದಾರೆ, ಗಿರಿಜಾನ ಊರಿನವರೂ ಇದ್ದಾರೆ ಎಂದು. ನಾನು ರಜೆ ಹಾಕಿ ಜೊತೆಗೆ ಹೊರಟೆ. ಡಂಬಳದ ಮೇಲೆ ಹಾದುಹೋಗುವ ಮೋಟಾರಿನಲ್ಲಿ ತುಂಗವ್ವ ಚೌಕಗಳ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಸೂಜಿ, ಕೂಡಿಸುವ ಕೆಂಪು ದಾರ, ಎರಡೂ ಅದರಲ್ಲಿದ್ದವು. ಕೂಸು ಹುಟ್ಟಿರಬೇಕು, ಮುಖ ನೋಡಿದ ಕೂಡಲೇ ಅಲ್ಲಿಯೇ ಕುಳಿತು ಕೂಡಿಸುವುದು ಎಂದು ಲೆಕ್ಕ ಹಾಕಿದ್ದಳು.

ಬೀಡಿನಲ್ಲಿ ಒಲೆಗಳ ನಡುವೆ ಗಿರಿಜಾನ ಅತ್ತೆಯನ್ನು ಗುರುತಿಸಿದ್ದು ತುಂಗವ್ವನೇ. ಆ ಮುದುಕಿ ಎದ್ದು ನಿಂತಳು. ಅವಳ ಸೀರೆಗೆ ಸೆರಗಿರಲಿಲ್ಲ. ಹರಿದ ಅಂಚನ್ನು ಎದೆಯ ಮೇಲೆ ಎಳೆದುಕೊಂಡು, ತುಂಗವ್ವನ ಎರಡೂ ಕೈ ಹಿಡಿದು ಕೂರಿಸಿದಳು. ಓಡಿ ಬರುವ ದಾರಿಯಲ್ಲಿ ಜೋಳದ ಹೊಲದಲ್ಲಿ ಹೆರಿಗೆಯಾಯಿತಂತೆ, ಹತ್ತಿರ ಇದ್ದವಳು ಅತ್ತೆ ಒಬ್ಬಳೇ. ಗಂಡು ಕೂಸು. ಬೆಳಗಾಗುವವರೆಗೆ ಇತ್ತು. ಗಿರಿಜಾಗೆ ಜ್ವರ ಏರಿ, ಗಡಿ ದಾಟುವ ಮೊದಲೇ ಅವಳೂ ಹೋದಳು.

ತುಂಗವ್ವ ಅಳಲಿಲ್ಲ. ಗಂಟನ್ನು ಮಗ್ಗುಲಿಗೆ ಸರಿಸಿ ಕೇಳಿದಳು.

"ಕೂಸಿಗೆ ಏನು ಹೊದಿಸಿದ್ರಿ ಬೀಗತಿ?"

"ನನ್ನ ಸೆರಗು ಹರದು ಹೊದಿಸಿದೆವ್ವ. ಬ್ಯಾರೆ ಏನೂ ಇರಲಿಲ್ಲ."

"ಹಳೇದ ಇತ್ತಲ್ಲ? ಛಲೋ ಆತು. ಹಳೇದ ಹೊದಿಸಬೇಕು," ಎಂದಳು ತುಂಗವ್ವ. ಬೇರೆ ಏನನ್ನೂ ಕೇಳದೆ ಎದ್ದುಬಿಟ್ಟಳು.

ಮರುದಿನದಿಂದ ಅವಳು ಚೌಕಗಳನ್ನು ಬಿಚ್ಚತೊಡಗಿದಳು. ನಾನು ತಡೆಯಲಿಲ್ಲ. ಶಾಲೆಗೆ ಹೋಗುವ ಮುನ್ನ ಅವಳ ಎದುರಿಗೆ ಕುಳಿತು ನೂಲಿನ ಉಂಡೆ ಸುತ್ತುತ್ತಿದ್ದೆ. ತುದಿ ಹಿಡಿದು ಎಳೆದರೆ ಕೆಂಪು ಹೋಗಿ, ಹಸಿರು ಹೋಗಿ, ಕೊನೆಗೆ ಅರಿಶಿಣದ ಬಣ್ಣದ ಸಣ್ಣ ದುಂಡು ಉಳಿಯುವುದು. ಆಮೇಲೆ ಅದೂ ಇಲ್ಲ. "ನೇದದ್ದನ್ನ ಹಿಂಗ ಬಿಚ್ಚಾಕ ಬರಂಗಿಲ್ಲ ಅಕ್ಕೋರ," ಎಂದಳು ಒಂದು ದಿನ. "ಕತ್ತರಿ ಹಾಕಬೇಕಾಗತೈತಿ. ಇದು ತಾನ ಬಿಡತೈತಿ." ಬಿಚ್ಚಿದ ನೂಲು ಸುಕ್ಕುಸುಕ್ಕಾಗಿತ್ತು. ಅದನ್ನು ತೋಯಿಸಿ, ಕಲ್ಲು ಕಟ್ಟಿ, ಹಿತ್ತಲಲ್ಲಿ ಇಳಿಬಿಟ್ಟಳು. ಎಷ್ಟು ದಿನ ಬಿಟ್ಟರೂ ಸುಕ್ಕು ಪೂರ್ತಿ ಹೋಗಲಿಲ್ಲ. ನೆರೆಯವರ ಕೌದಿ ಹೊಲಿಗೆಗೆ ಕೊಟ್ಟುಬಿಟ್ಟಳು. ನಾಲಿಗೆ ಚಾಚಿ ತೋರಿಸುವುದೂ ಅಲ್ಲಿಗೆ ನಿಂತಿತು. ನಾನು ಎಂದಿನಂತೆ ಅದೇ ಗಂಟೆಗೆ ಏಳುತ್ತಿದ್ದೆ. ಅದರ ಬಗ್ಗೆ ಅವಳು ಮತ್ತೆ ತಮಾಷೆ ಮಾಡಲಿಲ್ಲ.

ಮುಂದೆ ನನಗೆ ಶಿರಹಟ್ಟಿಗೆ, ಅಲ್ಲಿಂದ ಲಕ್ಷ್ಮೇಶ್ವರಕ್ಕೆ ವರ್ಗವಾಯಿತು. ಕನ್ನಡ ನಾಡು ಒಂದಾದ ವರ್ಷ ಕೆಲಸದ ಮೇಲೆ ಗದಗಿಗೆ ಬಂದಾಗ ಬಸ್ ನಿಲ್ದಾಣದಲ್ಲಿ ತುಂಗವ್ವನನ್ನು ಕಂಡೆ. ಬೆನ್ನು ಬಾಗಿತ್ತು. ಕಂಕುಳಲ್ಲಿ ಒಂದು ಗಂಟು.

"ಬೀಗತಿ ಊರಿಗಿ ಹೊಂಟೇನ್ರಿ. ಈಗ ಎಲ್ಲಾ ಒಂದ ಆತಂತಲ್ಲ, ಯಾರೂ ತಡ್ಯಂಗಿಲ್ಲಂತ."

"ಗದ್ದಲ ಅಡಗಿ ವರ್ಷಗಳಾದವಲ್ಲ ತುಂಗವ್ವ. ಇಷ್ಟು ದಿನ ಯಾಕೆ ಹೋಗಲಿಲ್ಲ?"

ಅವಳು ಬಸ್ಸಿನ ಕಡೆ ನೋಡಿದಳು. "ಅವತ್ತ ನಾ ಕೂಸಿಂದಷ್ಟ ಕೇಳಿದೆ ಅಕ್ಕೋರ. ಗಿರಿಜಾ ಕಡೀಕ ಏನಂದ್ಲು, ನನ್ನ ಕರದ್ಲೋ ಇಲ್ಲೋ, ಕೇಳಾಕ ಧೈರ್ಯ ಆಗಲಿಲ್ಲ. ಹಳ್ಳದ ಆಕಡಿ ದಾರಿ ಬಂದ್ ಐತಿ ಅಂತ ನನಗ ನಾನ ಹೇಳಿಕೋತ ಬಂದೆ. ಈಗ ಆ ನೆಪಾನೂ ಹೋತು. ಬೀಗತಿ ಹಾಸಿಗಿ ಹಿಡದಾಳಂತ. ಆಕಿ ಹ್ವಾದ ಮ್ಯಾಲ ನಂಗ ಯಾರು ಹೇಳವ್ರು?"

ಕಂಡಕ್ಟರ್ ಕೂಗಿದ. ನಾನು ಕೈ ಹಿಡಿದು ಹತ್ತಿಸಿದೆ. ಕಿಟಕಿಯ ಪಕ್ಕ ಕುಳಿತವಳು ನನ್ನ ಕಡೆ ತಿರುಗಲಿಲ್ಲ. ಆಗಲೇ ಮುಂದಿನ ದಾರಿಯನ್ನು ನೋಡುತ್ತಿದ್ದಳು.

ಅವಳು ಬೆಟಗೇರಿಗೆ ಮರಳಲಿಲ್ಲ. ಬೀಗತಿಯ ಆರೈಕೆ ಮಾಡುತ್ತ ಅಲ್ಲಿಯೇ ಉಳಿದಳಂತೆ. ಬೇಸಿಗೆ ರಜೆಗೆ ಹೋಗಿ ನೋಡಿ ಬರಬೇಕೆಂದು ನಾನು ದಿನ ಗೊತ್ತುಮಾಡಿಕೊಂಡಿದ್ದೆ. ರಜೆ ಬರುವ ಮೊದಲೇ ಇಬ್ಬರೂ ಹೋದ ಸುದ್ದಿ ಬಂತು, ಮೊದಲು ಬೀಗತಿ, ಆಮೇಲೆ ತುಂಗವ್ವ. ಗಿರಿಜಾ ಕೊನೆಗೆ ಏನಂದಳು ಎಂಬುದು ಆ ಇಬ್ಬರಿಗಷ್ಟೇ ಗೊತ್ತಿತ್ತು.